ಅಜ್ಜಿ ಎಲಿ

ಶಿಕಾರಿಪುರದಲ್ಲಿ ಎಲೆಗೆ ಎಲಿ ಎನ್ನುತ್ತಾರೆ. ಸೊರಬದಲ್ಲಿ ಎಲೆ ಎಂದೇ ಅನ್ನುತ್ತಾರೆ. ಎರಡು ಕುರಿಗಳ ಸಾವಿಗೆ ಯಾರು ಕಾರಣ ಎಂಬುದನ್ನು ಈ ಒಂದು ಸ್ವರ ಹಿಡಿದು ತೀರ್ಮಾನಿಸಬಹುದೆಂದು ನಾನು ಕೆಲವು ವರ್ಷ ನಂಬಿದ್ದೆ.

ಗಿಡ ಬಂದದ್ದು ಅತ್ತಿಗೆಯ ಜೊತೆ. ಅಣ್ಣನ ಮದುವೆಯಾದದ್ದು 1990ರಲ್ಲಿ. ಅತ್ತಿಗೆಯ ತವರು ಸೊರಬ. ಅವರ ಸೋದರಮಾವ ನೀಲಗಿರಿಯ ಟೀ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವರು. ಅಲ್ಲಿಂದ ತಂದ ಅಜೇಲಿಯಾ ಕಡ್ಡಿಗಳನ್ನು ತವರಿನ ಹಿತ್ತಲಲ್ಲಿ ಹಲಸಿನ ಮರದ ನೆರಳಿಗೆ ಊರಿ ಬದುಕಿಸಿದ್ದರು. ಅದರ ಒಂದು ಮರಿಗಿಡವನ್ನು ಅತ್ತಿಗೆ ಡಾಲ್ಡಾ ಡಬ್ಬಿಯಲ್ಲಿಟ್ಟುಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಂದ ಇಳಿಸದೆ ನಮ್ಮ ಮನೆಗೆ ತಂದರು.

ನಮ್ಮ ಮನೆ ಈಸೂರಿನ ದಾರಿಯಲ್ಲಿ, ಊರು ಮುಗಿಯುವಲ್ಲಿ. ಹಿತ್ತಲು, ಮುಳ್ಳುಬೇಲಿ, ಬೇಲಿಯಾಚೆ ನಮ್ಮದೇ ಗದ್ದೆ. ಬೇಲಿಯ ಹತ್ತಿರ ಒಂದು ಹಾಸುಗಲ್ಲು ಇತ್ತು. ಅಜ್ಜಿ ಅದರ ಮೇಲೆ ಕಾಲು ಚಾಚಿ ಕೂತು ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು. ಕಲ್ಲಿನ ಪಕ್ಕದಲ್ಲಿ ಮಧ್ಯಾಹ್ನ ಇಳಿದ ಮೇಲೆ ಗೋಡೆಯ ನೆರಳು ಬೀಳುತ್ತದೆಂದು ಅತ್ತಿಗೆ ಗಿಡವನ್ನು ಅಲ್ಲೇ ನೆಟ್ಟರು. ಕೊಳೆತ ದರಗೆಲೆ ತಂದು ಬುಡಕ್ಕೆ ಹಾಕಿದರು. ನಮ್ಮ ಅವ್ವ ಒಲೆಯ ಬೂದಿಯನ್ನು ಎಲ್ಲ ಗಿಡಗಳ ಬುಡಕ್ಕೂ ಸುರಿಯುವವಳು. ಇದಕ್ಕೆ ಮಾತ್ರ ಬೂದಿ ಆಗುವುದಿಲ್ಲ ಎಂದು ಅತ್ತಿಗೆ ತಡೆದರು. ಹೊಸ ಸೊಸೆ ಅತ್ತೆಗೆ ಬೇಡ ಎಂದ ಮೊದಲ ಮಾತು ಅದು. ಅವ್ವ ಅದನ್ನು ಮರೆಯಲಿಲ್ಲ.

ಮರುವರ್ಷ ಶಿವರಾತ್ರಿಯ ಹೊತ್ತಿಗೆ ಗಿಡ ಎಲೆಯೇ ಕಾಣದಂತೆ ಹೂ ಬಿಟ್ಟಿತು. ತೆಳು ಗುಲಾಬಿ ಬಣ್ಣ, ಒಳಗೆ ಕೆಂಪು ಚುಕ್ಕೆ. ಅಣ್ಣ ಅದು ಬಿಳಿ ಎನ್ನುತ್ತಾನೆ. ಫೋಟೋ ಇಲ್ಲ. ಅಜ್ಜಿ ಒಂದು ಹೂ ಕಿತ್ತು ಮೂಸಿ, "ವಾಸನಿ ಇಲ್ಲದ ಹೂವು, ಉಪ್ಪಿಲ್ಲದ ಸಾರು. ಶಿವಗೂ ಬ್ಯಾಡ, ಮುಡಿಗೂ ಬ್ಯಾಡ" ಎಂದಳು. ಆ ಮಳೆಗಾಲದಲ್ಲೇ ತೀರಿಕೊಂಡಳು.

ಇನ್ನು ಮುಂದಿನದನ್ನು ನನ್ನ ನೆನಪಿನಲ್ಲಿ ಇರುವ ಹಾಗೆ ಹೇಳುತ್ತೇನೆ.

1993ರ ಮಾರ್ಚ್. ನಾನು ಇತಿಹಾಸದ ಎಂ.ಎ. ಓದುತ್ತಿದ್ದೆ, ಪರೀಕ್ಷೆಗೆ ಮುಂಚಿನ ರಜೆಯಲ್ಲಿ ಊರಿಗೆ ಬಂದಿದ್ದೆ. ಗೊಬ್ಬರಕ್ಕೆಂದು ಅಣ್ಣ ಗದ್ದೆಯಲ್ಲಿ ಕುರಿ ನಿಲ್ಲಿಸಿದ್ದ. ಹಿಂಡು ಬಳ್ಳಿಗಾವಿಯ ಕಡೆಯಿಂದ ಬಂದದ್ದು. ಮಟಮಟ ಮಧ್ಯಾಹ್ನ ನಾನು ಹಿತ್ತಲಿಗೆ ಹೋದಾಗ ಒಬ್ಬ ಹೆಂಗಸು ಅಜೇಲಿಯಾದ ಹತ್ತಿರ ನಿಂತಿದ್ದಳು. ತಲೆಯ ಮೇಲೆ ಕಂಬಳಿ ಕೊಪ್ಪೆ, ಅದರ ನೆರಳಲ್ಲಿ ಮುಖ ಕಾಣುತ್ತಿರಲಿಲ್ಲ. ಕುರಿಯವಳೇ ಎಂದುಕೊಂಡೆ. ಇದು ಎಂಥ ಗಿಡ ಎಂದು ಕೇಳಿದಳು. ಅಜೇಲಿಯಾ ಎಂದು ಹೇಳುವ ಬದಲು ನಾನು ತಮಾಷೆಗೆ, "ಅಜ್ಜಿ ಎಲಿ" ಎಂದೆ. ಎಲ್ಲ ಅಜ್ಜಿಯರ ಔಷಧಿ ಎಂದೂ ಸೇರಿಸಿದೆ. ಅವಳು ಆ ಹೆಸರನ್ನು ಬಾಯಲ್ಲಿ ಒಮ್ಮೆ ಹೇಳಿಕೊಂಡಳು. ನಾನು ಒಳಗೆ ಬಂದು ಊಟ ಮಾಡಿದೆ.

ಮರುದಿನ ಅದೇ ಹೊತ್ತಿಗೆ ಗದ್ದೆಯಿಂದ ಸದ್ದೇ ಬರಲಿಲ್ಲ. ನೂರಾರು ಕುರಿಗಳಿರುವ ಕಡೆ ಸದ್ದಿಲ್ಲದಿರುವುದನ್ನು ಕೇಳಿದವರಿಗೇ ಅದು ಗೊತ್ತು. ಬೇಲಿಯ ಹತ್ತಿರ ಹೋಗಿ ನೋಡಿದೆವು. ಮೂರು ಕುರಿಗಳು ಹಿಂಡಿನಿಂದ ಬೇರೆಯಾಗಿ, ತಲೆ ತಗ್ಗಿಸಿ, ಕಾಲು ಅಗಲಿಸಿ ನಿಂತಿದ್ದವು. ಬಾಯಿಂದ ಹಸಿರು ನೊರೆ ಇಳಿಯುತ್ತಿತ್ತು. ಹಲ್ಲು ಕಡಿಯುವುದು ಮಾತ್ರ ಕೇಳುತ್ತಿತ್ತು. ಮೂರೂ ನಮ್ಮ ಹಿತ್ತಲಿನ ಕಡೆಗೇ ಮುಖ ಮಾಡಿದ್ದವು. ಉಳಿದ ಹಿಂಡು ದೂರ ನಿಂತು ಅವನ್ನು ನೋಡುತ್ತಿತ್ತು. ಮಜ್ಜಿಗೆ ಕುಡಿಸಿದರು. ಒಂದು ಉಳಿಯಿತು, ಎರಡು ಸತ್ತವು.

ಕುರಿಯವಳು ಹೆಗಲ ಮೇಲೆ ಒಂದು ಮರಿ ಹೊತ್ತು ಬೇಲಿಗೆ ಬಂದಳು. ಆ ಮುಖ ನನಗೆ ಈಗಲೂ ಚೆನ್ನಾಗಿ ನೆನಪಿದೆ. ಎಳೆ ವಯಸ್ಸು, ಎಡಗೆನ್ನೆಯ ಮೇಲೆ ಹಚ್ಚೆ.

"ಕೆಮ್ತಿದ್ವು ಅಂತ ತಿನ್ಸಿದ್ನಿ ಅವ್ವಾರ. ಅಜ್ಜಿ ಎಲಿ."

"ಯಾವ ಅಜ್ಜಿ?" ಎಂದಳು ಅವ್ವ.

ಕುರಿಯವಳು ಅಳುತ್ತಾ ಗಿಡದ ಕಡೆ ಕೈ ಮಾಡಿದಳು. ಗಿಡದ ಪಕ್ಕದಲ್ಲಿ ಹಾಸುಗಲ್ಲಿತ್ತು. ಅವ್ವ ಗಿಡವನ್ನು ನೋಡಲಿಲ್ಲ, ಕಲ್ಲನ್ನು ನೋಡಿದಳು.

ಸಂಜೆಯ ಹೊತ್ತಿಗೆ ಮನೆಯಲ್ಲಿ ಮಾತು ಗಟ್ಟಿಯಾಗಿತ್ತು. ಅಜ್ಜಿ ನಡುಹಗಲಲ್ಲಿ ಕಲ್ಲಿನ ಮೇಲೆ ಕೂತು ಕುರಿಯವಳಿಗೆ ಎಲೆ ಕೊಟ್ಟಿದ್ದಾಳೆ. ತನ್ನ ಜಾಗದಲ್ಲಿ ಬೂದಿ ತಾಗದ, ವಾಸನೆಯಿಲ್ಲದ ಗಿಡ ನೆಟ್ಟಿದ್ದಕ್ಕೆ ಮುನಿದಿದ್ದಾಳೆ. ನೆಟ್ಟವರು ಯಾರು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅತ್ತಿಗೆ ಕಟ್ಟಿದ ಹೂಮಾಲೆಯನ್ನು ಅವ್ವ ಪೂಜೆಗೆ ತೆಗೆದುಕೊಳ್ಳಲಿಲ್ಲ, ಅಷ್ಟೇ. ಆಮೇಲೆ ಎಂದೂ ತೆಗೆದುಕೊಳ್ಳಲಿಲ್ಲ.

ಅತ್ತಿಗೆ ಬಚ್ಚಲ ಬಾಗಿಲಲ್ಲಿ ನನ್ನನ್ನು ತಡೆದು, "ನಿಮಗೇನಾದ್ರೂ ಗೊತ್ತಾ?" ಎಂದು ಕೇಳಿದರು. ಇಲ್ಲ ಎಂದೆ. ನಿಜ ಹೇಳಲು ಒಂದು ವಾಕ್ಯ ಸಾಕಿತ್ತು. ಸತ್ತ ಕುರಿಗಳನ್ನು ನೋಡಿ ಬಂದ ಮೇಲೆ ಆ ತಮಾಷೆಯನ್ನು ಮತ್ತೆ ಬಾಯಿಗೆ ತರುವ ಧೈರ್ಯ ಬರಲಿಲ್ಲ. ಎರಡು ದಿನ ಬಿಟ್ಟು ಅತ್ತಿಗೆ ಗಿಡವನ್ನು ಮಣ್ಣಿನ ಸಮೇತ ಅಗೆದು, ಗೋಣಿಯಲ್ಲಿ ಸುತ್ತಿ ತವರಿಗೆ ಒಯ್ದರು. ತಿರುಗಿ ಬಂದ ಮೇಲೆ ನಮ್ಮ ಹಿತ್ತಲಲ್ಲಿ ಒಂದು ಕಡ್ಡಿಯನ್ನೂ ಊರಲಿಲ್ಲ.

ಆಮೇಲೆ ನಾನು ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದೆ. ಅಜೇಲಿಯಾದ ಎಲೆ ಆಡು ಕುರಿಗಳಿಗೆ ವಿಷ ಎಂದು ಅಲ್ಲಿನ ಸಸ್ಯಶಾಸ್ತ್ರದ ಮೇಷ್ಟ್ರು ಹೇಳಿದರು. ಅಲ್ಲಿಗೆ ಅಜ್ಜಿಯ ಮುನಿಸಿನ ಮಾತು ಬಿದ್ದುಹೋಯಿತು. ಉಳಿದದ್ದು ಆ ಹೆಸರು. ಕುರಿಯವಳ ಕಿವಿಗೆ ಅದನ್ನು ಹಾಕಿದ್ದು ಅತ್ತಿಗೆಯಾಗಿದ್ದರೆ ಅವಳು 'ಎಲೆ' ಎನ್ನುತ್ತಿದ್ದಳು. 'ಎಲಿ' ಎಂದಳು, ಆದ್ದರಿಂದ ಅದು ಶಿಕಾರಿಪುರದ ಬಾಯಿ, ನನ್ನದೇ. ಕುರಿಯವಳೂ ಇದೇ ಕಡೆಯವಳು, ತಾನಾಗಿಯೇ ಎಲಿ ಎನ್ನುವವಳು ಎಂಬುದನ್ನು ನಾನು ಯೋಚಿಸಲೇ ಇಲ್ಲ. ನಾನು ತಪ್ಪಿತಸ್ಥನಾದರೆ ಸತ್ತವರು ಯಾರೂ ಬಂದಿರಲಿಲ್ಲ ಎಂದಾಗುತ್ತಿತ್ತು. ನನಗೆ ಅದು ಬೇಕಾಗಿತ್ತು.

1998ರ ಫೆಬ್ರವರಿಯಲ್ಲಿ ಅತ್ತಿಗೆ ತವರಿಗೆ ಹೋಗಿದ್ದಾಗ ನಾನೂ ಸೊರಬದ ಬಸ್ಸು ಹತ್ತಿದೆ. ಹಲಸಿನ ಕೆಳಗೆ ಗಿಡ ನನ್ನ ಎದೆಯೆತ್ತರ ಬೆಳೆದಿತ್ತು, ತುಂಬಾ ಹೂವು. ನಿಜಕ್ಕೂ ಗುಲಾಬಿ ಬಣ್ಣವೇ. ಅತ್ತಿಗೆ ಬುಡಕ್ಕೆ ನೀರು ಹಾಕುತ್ತಿದ್ದರು.

"ಮಧ್ಯಾಹ್ನದ ಬಿಸಿಲು ಬಿದ್ರೆ ಎಲಿ ಸುಡ್ತಾವೆ," ಎಂದರು.

ಎಂಟು ವರ್ಷ ಶಿಕಾರಿಪುರದಲ್ಲಿದ್ದು ಅವರ ಬಾಯಲ್ಲೂ ಎಲಿಯೇ ಕೂತಿತ್ತು. ಇಷ್ಟು ವರ್ಷದ ನನ್ನ ವಾದ ಅಲ್ಲಿಗೇ ಮುಗಿಯಿತು. ಆದರೂ ಎಲ್ಲವನ್ನೂ ಹೇಳಿದೆ, ಕೊಪ್ಪೆಯ ಹೆಂಗಸನ್ನು, ನನ್ನ ತಮಾಷೆಯನ್ನು, ಬಚ್ಚಲ ಬಾಗಿಲಲ್ಲಿ ಹೇಳಿದ ಸುಳ್ಳನ್ನು. ಅತ್ತಿಗೆ ಚೊಂಬು ಕೆಳಗಿಟ್ಟು ಕೇಳಿದರು.

"ಆ ಬಿಸಿಲಲ್ಲಿ ಕೊಪ್ಪೆ ಯಾರು ಹಾಕ್ಕೋತಾರೆ? ಕುರಿಯವಳು ಬಂದಾಗೆಲ್ಲ ಬರೀ ಸೆರಗು ಹೊದ್ದಿದ್ಲು. ಕೊಪ್ಪೆ ಹಾಕ್ಕೊಂಡು ಅಲ್ಲಿ ಕೂರ್ತಿದ್ದಿದ್ದು ಅಜ್ಜಿ. ಜ್ವರ ಬಂದ ಮೇಲೆ ಬ್ಯಾಸಿಗೇಲೂ ಚಳಿ ಅಂತಿದ್ರು, ಮರೆತ್ರಾ?"

ಮರೆತಿದ್ದೆ. ಕಂಬಳಿಯ ಅಂಚಿನಲ್ಲಿದ್ದ ಸುಟ್ಟ ತೂತು ಕೂಡ ಈಗ ನೆನಪಾಯಿತು, ಅಜ್ಜಿ ಒಲೆಯ ಮುಂದೆ ಸುಟ್ಟುಕೊಂಡದ್ದು. ಹಾಗಾದರೆ ಆ ತಮಾಷೆ ಮಾಡಿದ್ದು ಅಜ್ಜಿ ಬದುಕಿದ್ದಾಗ, ಗಿಡ ಮೊದಲ ಸಲ ಹೂ ಬಿಟ್ಟಾಗ ಇರಬೇಕು. ಬೇರೆ ಬೇರೆ ವರ್ಷಗಳ ಎರಡು ಮಧ್ಯಾಹ್ನಗಳನ್ನು ನಾನು ಒಂದಕ್ಕೊಂದು ಹೊಲಿದುಕೊಂಡಿದ್ದೇನೆ. ನೆನಪು ಹೀಗೆ ಮಾಡುತ್ತದೆ ಎಂದು ಅತ್ತಿಗೆಗೆ ವಿವರಿಸಿದೆ.

ಅತ್ತಿಗೆಗೆ ವಿವರಣೆ ಬೇಕಿರಲಿಲ್ಲ. "ಸರಿ ಆಯ್ತಲ್ಲ. ನೀವು ಅಜ್ಜಿಗೆ ಹೇಳಿದ್ರಿ. ಅಜ್ಜಿ ಅವಳಿಗೆ ಹೇಳಿದ್ರು."

ಕುರಿಹಿಂಡು ಬಂದಾಗ ಅಜ್ಜಿ ತೀರಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು. ಗಾಳಿಯಿರಲಿಲ್ಲ. ಒಂದು ಹೂ ಕಳಚಿ ಚೊಂಬಿನ ನೀರಿಗೆ ಬಿತ್ತು.

"ಯಾರು ಹೇಳಿದ್ರೋ ನನಗೆ ಬೇಡ," ಎಂದರು ಅತ್ತಿಗೆ. "ಇಲ್ಲಿ ಹೇಳಿದ್ದನ್ನ ಮನೇಲಿ ಹೇಳ್ತೀರಾ?"

ಮರುದಿನ ಅವ್ವನ ಮುಂದೆ ಕೂತು ಹೇಳಿದೆ. ಕುರಿಯವಳಿಗೆ ಆ ಹೆಸರು ಹೇಳಿದ್ದು ನಾನೇ, ಅಲ್ಲಿ ಬೇರೆ ಯಾರೂ ಇರಲಿಲ್ಲ ಎಂದೆ. ನನಗೇ ಖಾತ್ರಿ ಉಳಿಯದ ಮಾತನ್ನು ಅಷ್ಟು ಖಾತ್ರಿಯಿಂದ ನಾನು ತರಗತಿಯಲ್ಲೂ ಹೇಳಿದವನಲ್ಲ. ಅವ್ವ, ಓದಿದವನ ಬಾಯಿಗಿಂತ ಕುರಿಯ ಬಾಯಿ ವಾಸಿ ಎಂದಳು. ಆಮೇಲೆ, ನಿನ್ನ ಅತ್ತಿಗೆ ಬರುವಾಗ ಗಿಡ ತರಲಿ ಎಂದಳು.

ಅತ್ತಿಗೆ ಒಂದು ಸಣ್ಣ ಗಿಡ ತಂದರು. ಮರುಬೆಳಿಗ್ಗೆ ಅವರು ಕಟ್ಟಿದ ಮಾಲೆ ಪೂಜೆಗೆ ಹೋಯಿತು. ಹಿತ್ತಲಲ್ಲಿ ಹಳೆಯ ಜಾಗದಲ್ಲೇ ಗುಂಡಿ ತೋಡಲು ನಾನು ಗುದ್ದಲಿ ಎತ್ತಿದಾಗ ಅತ್ತಿಗೆ ತಡೆದು, ಕಲ್ಲಿನಿಂದ ಒಂದು ಮಾರು ಆಚೆಗೆ ಗುರುತು ಹಾಕಿದರು. ಅಲ್ಲಿ ಗೋಡೆಯ ನೆರಳು ಬೀಳುವುದಿಲ್ಲವಲ್ಲ ಎಂದೆ.

"ನೆರಳಿಗೆ ಚಪ್ಪರ ಹಾಕಿದ್ರಾಯ್ತು," ಎಂದರು. "ಕಾಲು ಚಾಚೋಕೆ ಜಾಗ ಬೇಕಲ್ಲ."

ಯಾರಿಗೆ ಎಂದು ನಾನು ಕೇಳಲಿಲ್ಲ. ಅವರು ತೋರಿಸಿದಲ್ಲೇ ಅಗೆದೆ.