ಫೋನಿಗೆ ಮೈಲಿಗೆಯಿಲ್ಲ

ಬೆಳಗಿನ ಜಾವ ದೀಪ ಹಚ್ಚಿ, ಅದರ ಮುಂದೆ ಕೂತು, ಅದರ ಫೋಟೊ ತೆಗೆದು ಊರಿಗೆಲ್ಲ ಕಳಿಸುವ ಹೆಂಗಸರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಾಗೆ ಉರಿದುಕೊಳ್ಳುವ ಹಕ್ಕು ನನಗೆ ಪೂರ್ತಿ ಇದೆ. ಹೋದ ವರ್ಷ ಒಂದು ಚಳಿಗಾಲ ನಾನೂ ಅದೇ ಕೆಲಸ ಮಾಡಿದ್ದೇನೆ, ಅವರೆಲ್ಲರಿಗಿಂತ ಚೆನ್ನಾಗಿಯೇ ಮಾಡಿದ್ದೇನೆ.

ನಮ್ಮದು ರಾಯಚೂರಿನಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆ. ನಾನು ದೇವದುರ್ಗದ ಸರಕಾರಿ ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ಏಳರ ಬಸ್ಸು ಹಿಡಿದರೆ ಮನೆಗೆ ವಾಪಸ್ಸು ಬರುವ ಹೊತ್ತಿಗೆ ದೀಪ ಹಚ್ಚುವ ವೇಳೆ. ಗಂಡನ ಆಫೀಸು ಮನೆಯಿಂದ ಹತ್ತು ನಿಮಿಷದ ದಾರಿ, ಹಾಗಾಗಿ ಮಗಳನ್ನು ಶಾಲೆಗೆ ಬಿಡುವುದು ಅವನ ಪಾಲಿನ ಕೆಲಸ. ಅದೊಂದು ಕೆಲಸದ ಬಗ್ಗೆ ಅವನು ಎಲ್ಲರೆದುರು ಹೇಳಿಕೊಳ್ಳುವುದನ್ನು ಕೇಳಿದರೆ ಮಗುವನ್ನು ಹೊತ್ತು ಹೆತ್ತವನೂ ಅವನೇ ಅನ್ನಿಸಬೇಕು.

ಮಗಳಿಗೆ ಆಗ ನಾಲ್ಕು ಮುಗಿದು ಐದು. ದಿನಾ ಐದೂಕಾಲಿಗೆ ತಾನಾಗಿ ಎದ್ದು, ಹೊದಿಕೆಯನ್ನು ನೆಲದ ಮೇಲೆ ಎಳೆದುಕೊಂಡು ಅಡುಗೆಮನೆಗೆ ಬರುವುದು ಅವಳ ರೂಢಿ. ಒಲೆಯ ಮೇಲೆ ಹಾಲು ಕಾಯುವವರೆಗೆ ನಾನು ನೆಲಕ್ಕೆ ಕೂತಿರುತ್ತಿದ್ದೆ. ಅವಳು ಮಡಿಲೇರಿ ನನ್ನ ಸೆರಗಿನೊಳಗೆ ತಲೆ ತೂರಿಸಿ, ಅರ್ಧ ನಿದ್ದೆಯಲ್ಲೇ ಏನೇನೋ ಗೊಣಗುತ್ತಿದ್ದಳು. ಕನಸಿನಲ್ಲಿ ಬಂದ ಎಮ್ಮೆ, ಪಕ್ಕದ ಮನೆಯ ಹುಡುಗಿ ಕೊಡದ ಪೆನ್ಸಿಲ್ಲು, ಹೀಗೆ. ಹಾಲು ಉಕ್ಕಿದಾಗ ಎದ್ದರಾಯಿತು. ದಿನದಲ್ಲಿ ನಾನು ಅವಳಿಗೆ ಪೂರ್ತಿಯಾಗಿ ಸಿಗುತ್ತಿದ್ದದ್ದು ಆ ಹತ್ತು ನಿಮಿಷ ಮಾತ್ರ. ಸಂಜೆ ಸಿಗುತ್ತಿದ್ದವಳು ಬಸ್ಸಿನಲ್ಲಿ ನಿಂತು ಬಂದು ಸೊಂಟ ಹಿಡಿದುಕೊಂಡ ಬೇರೊಬ್ಬ ಹೆಂಗಸು.

ಅದು ಸಾಲದೆಂದು ನಾನು ನಮ್ಮ ಓಣಿಯ ಭಜನಾ ಮಂಡಳಿಗೆ ಹೋದೆ.

ಮಂಡಳಿಯ ಯಜಮಾನಿಕೆ ಒಬ್ಬ ಹಿರಿಯಾಕೆಯ ಕೈಯಲ್ಲಿತ್ತು. ಮಕ್ಕಳೆಲ್ಲ ಮದುವೆಯಾಗಿ ದೂರದ ಊರು ಸೇರಿದ್ದರು. ಮನೆಯಲ್ಲಿ ಅಡುಗೆಗೆ ಒಬ್ಬರು, ಕಸ ಮುಸುರೆಗೆ ಇನ್ನೊಬ್ಬರು. ಆಕೆ ದಿನವಿಡೀ ಎತ್ತುತ್ತಿದ್ದ ಅತಿ ಭಾರದ ವಸ್ತುವೆಂದರೆ ಜಪಮಣಿ. ಅಂಥವಳು ದುಡಿಯುವ ತಾಯಂದಿರನ್ನು ಸಾಲಾಗಿ ಕೂರಿಸಿಕೊಂಡು ಮುಂಜಾನೆಯನ್ನು ಹೇಗೆ ಕಳೆಯಬೇಕೆಂದು ಉಪದೇಶ ಮಾಡಿದಳು.

“ಎದ್ದ ಕೂಡಲೆ ಮಕ್ಕಳು, ಚಹಾ, ಡಬ್ಬಿ ಅಂತ ಓಡಾಡ್ತೀರಿ. ದೇವರಿಗೆ ಉಳಿದದ್ದು ಬಳದದ್ದು ಕೊಡ್ತೀರಿ. ಮೊದಲ ತಾಸು ದೇವರದು. ಆಮ್ಯಾಲೆ ಮಕ್ಕಳು. ನಲವತ್ತೆಂಟು ದಿನ ಮಾಡಿ ನೋಡ್ರಿ, ಮನಿ ಹೆಂಗ ಬದಲಾಗ್ತದ.”

ಮನೆ ಬದಲಾಯಿತು, ಸುಳ್ಳಲ್ಲ.

ನಿಯಮಗಳು ಹೀಗಿದ್ದವು. ನಾಲ್ಕಕ್ಕೆ ಏಳಬೇಕು. ತಲೆಯ ಮೇಲೆ ತಣ್ಣೀರು. ಹಿಂದಿನ ದಿನವೇ ಒಗೆದು, ಯಾರ ಕೈಗೂ ಎಟುಕದ ಹಾಗೆ ಗಳದ ಮೇಲೆ ಒಣಹಾಕಿದ ಸೀರೆಯನ್ನು ಕೋಲಿನಿಂದ ಇಳಿಸಿ ಉಡಬೇಕು. ಅದೇ ಮಡಿ. ಉಟ್ಟ ಮೇಲೆ ಮಡಿಯಲ್ಲದ ಯಾವುದನ್ನೂ ಮುಟ್ಟುವಂತಿಲ್ಲ, ಯಾರೂ ನಮ್ಮನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಮತ್ತೆ ಸ್ನಾನ. ರಂಗೋಲಿ, ದೀಪ, ಸ್ತೋತ್ರ, ಹಾಲಿನ ನೈವೇದ್ಯ, ಅದೇ ಮಡಿಯಲ್ಲಿ ಅಡುಗೆ. ಐದೂವರೆಯೊಳಗೆ ದೇವರ ಮುಂದಿನ ಫೋಟೊ ಮಂಡಳಿಯ ಫೋನ್ ಗ್ರೂಪಿಗೆ ಬೀಳಬೇಕು. ಬೀಳದಿದ್ದರೆ ನಮ್ಮ ಹೆಸರಿನ ಮುಂದೆ ಕೆಂಪು ಚುಕ್ಕೆ.

ಮಡಿಯಲ್ಲಿ ಫೋನು ಹಿಡಿಯುವುದು ಹೇಗೆಂದು ಒಬ್ಬಾಕೆ ಕೇಳಿದಳು. ಪಾಪ, ಆ ಇಡೀ ಸಭೆಯಲ್ಲಿ ತಲೆ ನೆಟ್ಟಗಿದ್ದವಳು ಅವಳೊಬ್ಬಳೇ. ಹಿರಿಯಾಕೆ ಒಂದು ಕ್ಷಣವೂ ಯೋಚಿಸಲಿಲ್ಲ.

“ಫೋನಿಗೆ ಮೈಲಿಗಿ ಇಲ್ಲ. ಅದು ಗಾಜು. ಒರಸಿಬಿಟ್ರ ಆತು.”

ನಾವು ಇಪ್ಪತ್ತು ಮಂದಿ ಓದಿದ ಹೆಂಗಸರು ತಲೆಯಾಡಿಸಿದೆವು. ಅದರಲ್ಲೂ ನಾನು ವಿಜ್ಞಾನದ ಟೀಚರ್.

ಮೊದಲನೇ ದಿನ ಐದೂಕಾಲಿಗೆ ಮಗಳು ಎಂದಿನಂತೆ ಹೊದಿಕೆ ಎಳೆದುಕೊಂಡು ಬಂದಳು. ನಾನು ಅಡುಗೆಮನೆಯ ಮೂಲೆಯ ದೇವರ ಮುಂದೆ ಬಲಗೈಯಲ್ಲಿ ಫೋನು ಹಿಡಿದು ದೀಪದ ಬೆಳಕು ಸರಿಯಾಗಿ ಬೀಳುವ ಕೋನ ಹುಡುಕುತ್ತಿದ್ದೆ. “ಮುಟ್ಟಬ್ಯಾಡ!” ಎಂದು ಕಿರುಚಿದೆ. ನಾನು ಅವಳ ಮೇಲೆ ಅಷ್ಟು ಜೋರಾಗಿ ಎಂದೂ ಕಿರುಚಿರಲಿಲ್ಲ. ಅವಳು ನಿಂತಲ್ಲೇ ನಿಂತಳು. ಎರಡನೇ ದಿನ ಮರೆತು ಮತ್ತೆ ಬಂದಳು, ಮತ್ತೆ ಕಿರುಚಿದೆ. ಮೂರನೇ ದಿನ ಅಡುಗೆಮನೆಯ ಹೊಸ್ತಿಲಾಚೆ ಗೋಡೆಗೊರಗಿ ಕೂತು, ಹೊದಿಕೆಯನ್ನು ಕಿವಿಯವರೆಗೆ ಸುತ್ತಿಕೊಂಡು ನನ್ನನ್ನು ನೋಡತೊಡಗಿದಳು. ಮುಂದೆ ದಿನಾ ಅಲ್ಲೇ. ಎಮ್ಮೆಯ ಸುದ್ದಿಯಿಲ್ಲ, ಪೆನ್ಸಿಲ್ಲಿನ ಸುದ್ದಿಯಿಲ್ಲ. ಮಡಿ ಬಿಚ್ಚಿ ಬಸ್ಸಿನ ಸೀರೆ ಉಡುವ ಹೊತ್ತಿಗೆ ನನಗೆ ಅವಳ ಕೆನ್ನೆ ಹಿಂಡಲಷ್ಟೇ ವ್ಯವಧಾನವಿರುತ್ತಿತ್ತು.

ಗಂಡ ಹೊದಿಕೆಯೊಳಗಿನಿಂದಲೇ ನನ್ನ ಭಕ್ತಿಯನ್ನು ಮೆಚ್ಚಿದ. “ಭಾಳ ಚಲೋ ಆತು. ಮನ್ಯಾಗ ಒಂದು ಕಳೆ ಬಂದದ,” ಎಂದು ಮಗ್ಗಲು ಬದಲಿಸಿದ. ಹೆಂಡತಿ ನಾಲ್ಕಕ್ಕೆ ಏಳುವುದರಿಂದ ಗಂಡನಿಗೆ ಬರುವ ಪುಣ್ಯ ಎಷ್ಟೋ ಗೊತ್ತಿಲ್ಲ, ಬರುವ ಬಿಸಿ ತಿಂಡಿಯ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತಿತ್ತು. ಗ್ರೂಪಿನಲ್ಲಿ ಮಗಳು ದೂರ ಕೂರುವುದನ್ನು ಬರೆದಾಗ ಹಿರಿಯಾಕೆ “ಎಷ್ಟು ಶಾಣ್ಯಾ ಕೂಸು! ಒಳ್ಳೆ ಸಂಸ್ಕಾರ” ಎಂದು ಕಳಿಸಿದಳು. ಅದನ್ನು ನಾನು ಎರಡು ಸಲ ಓದಿಕೊಂಡೆ.

ಭಕ್ತಿಯೆಂದರೆ ಏನಿತ್ತು ನನ್ನಲ್ಲಿ? ಸ್ತೋತ್ರ ಬಾಯಿಗೆ ಬರುತ್ತಿತ್ತು, ಕಣ್ಣು ಗಡಿಯಾರದ ಮೇಲಿರುತ್ತಿತ್ತು. ರಂಗೋಲಿಯಲ್ಲಿ ಪಕ್ಕದ ಬೀದಿಯ ಬ್ಯಾಂಕಿನಾಕೆಯನ್ನು ಮೀರಿಸಬೇಕಿತ್ತು. ಅವಳು ಹದಿನೈದು ಚುಕ್ಕೆ ಇಟ್ಟರೆ ನಾನು ಹದಿನೇಳು. ದೇವರು ಆ ತಿಂಗಳಿಡೀ ನನ್ನ ಫೋಟೊದಲ್ಲಿ ಹಿಂದೆ ನಿಲ್ಲುವ ಕೆಲಸ ಮಾಡಿದ.

ಶಾಲೆಯಲ್ಲೂ ಸುಮ್ಮನಿರಲಿಲ್ಲ. ಬಿಸಿಯೂಟದ ಅಡುಗೆ ಮಾಡುವ ಹೆಂಗಸಿಗೆ ಒಂದು ದಿನ ಬೆಳಗಿನ ಜಾವದ ಮಹಿಮೆ ವಿವರಿಸಲು ಹೋದೆ. ಅವಳು ಸೊಪ್ಪು ಸೋಸುತ್ತ ಪೂರ್ತಿ ಕೇಳಿಸಿಕೊಂಡಳು.

“ನಾಕಕ್ಕ ಏಳೂದಕ್ಕ ಅಷ್ಟ ದೊಡ್ಡ ಹೆಸರದ ಏನ್ರಿ ಅಕ್ಕೋರ? ನಮಗ ಗೊತ್ತಿದ್ದಿಲ್ಲ ನೋಡ್ರಿ. ಹತ್ತಿ ಬಿಡಸಾಕ ಹೋಗೂ ಕಾಲಕ್ಕ ದಿನಾ ನಾಕಕ್ಕ ಏಳತೀವಿ. ಹಂಗಾರ ನಮಗೂ ಪುಣ್ಯ ಬಂದಿರಬೇಕಲ್ರಿ, ಎಲ್ಲಿ ಇಟ್ಟೀವೋ ಏನೋ.”

ಅವಳು ನಗಲಿಲ್ಲ. ಜೊತೆಯಲ್ಲಿದ್ದ ಇನ್ನಿಬ್ಬರು ನಕ್ಕರು. ಇವರಿಗೇನು ತಿಳಿಯುತ್ತದೆ ಎಂದುಕೊಂಡು ನಾನು ಸ್ಟಾಫ್ ರೂಮಿಗೆ ಹೋದೆ. ಅಂದಿನ ನನ್ನ ಮುಖವನ್ನು ಈಗ ಯಾರಾದರೂ ತೋರಿಸಿದರೆ ಒಂದು ಬಾರಿಸಬೇಕೆನಿಸುತ್ತದೆ.

ಮೂವತ್ತಾರನೆಯ ದಿನ ಬೆಳಿಗ್ಗೆ ಮಗಳು ಹೊಸ್ತಿಲಿಗೆ ಬರಲಿಲ್ಲ. ಮಲಗಿರಬೇಕೆಂದು ನಾನು ದೀಪಕ್ಕೆ ಬತ್ತಿ ಹೊಸೆದೆ. ಸ್ವಲ್ಪ ಹೊತ್ತಿಗೆ ಕೋಣೆಯಲ್ಲಿ ಕಪಾಟಿನ ಬಾಗಿಲು ಕಿರುಗುಟ್ಟಿತು. ಏನೋ ಬಿತ್ತು. ಅವಳಪ್ಪ ಏಳಲಿಲ್ಲ, ಅವನು ಭೂಕಂಪಕ್ಕೂ ಏಳುವವನಲ್ಲ. ಆಮೇಲೆ ಅವಳು ಬಂದಳು.

ಮೈಮೇಲೆ ರೇಷ್ಮೆಯ ಪರಕಾರ, ಪೋಲ್ಕ. ಹಿಂದಿನ ವಾರ ನನ್ನ ತಾಯಿ ಮಾನ್ವಿಯಿಂದ ತಂದುಕೊಟ್ಟಿದ್ದು. ಪೋಲ್ಕ ತಿರುಗುಮುರುಗಾಗಿತ್ತು, ಗುಂಡಿಗಳು ಬಿಚ್ಚಿದ್ದವು. ಪರಕಾರದ ಲಾಡಿ ಕಟ್ಟಲು ಬಾರದೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಹೊಸ್ತಿಲಿಗೆ ಬಂದು ನಿಂತು ಹೇಳಿದಳು:

“ಅಮ್ಮಾ, ಈಗ ನಡೀತದ. ರೇಷ್ಮಿಗೆ ಮೈಲಿಗಿ ಇಲ್ಲಂತ. ಅಜ್ಜಿ ಹೇಳ್ಯಾಳ.”

ನಿಜ, ನಮ್ಮಲ್ಲಿ ಹಾಗೆ ಎಣಿಸುತ್ತಾರೆ. ನೂಲಿನ ಬಟ್ಟೆಗಿರುವ ಮೈಲಿಗೆ ರೇಷ್ಮೆಗಿಲ್ಲ. ದೊಡ್ಡವರು ಆತುರಕ್ಕೆ ಹುಡುಕಿಕೊಂಡ ಒಂದು ಸಣ್ಣ ಸಂದು. ಅಜ್ಜಿಯ ಬಾಯಲ್ಲಿ ಕೇಳಿದ ಆ ಮಾತನ್ನು ಅವಳು ಒಂದು ವಾರ ಮನಸ್ಸಿನಲ್ಲಿಟ್ಟುಕೊಂಡು, ಕತ್ತಲಲ್ಲಿ ಕಪಾಟು ತೆಗೆದು, ತಾನೇ ಉಟ್ಟುಕೊಂಡು ಬಂದಿದ್ದಳು.

ಇದನ್ನು ಬರೆಯುವಾಗ ಕೈ ಹಿಂದೆ ಸರಿಯುತ್ತದೆ, ಆದರೂ ಬರೆಯುತ್ತೇನೆ. ಅವಳನ್ನು ನೋಡಿದ ಕೂಡಲೆ ನನ್ನ ಕೈ ಹೋದದ್ದು ಫೋನಿಗೆ. ದೀಪದ ಬೆಳಕು ಎದುರಿನಿಂದ ಬಿದ್ದು ಪರಕಾರದ ಜರಿ ಹೊಳೆಯುತ್ತಿತ್ತು. ಕೆನ್ನೆಗಳು ಕೆಂಪಾಗಿದ್ದವು. “ಅಲ್ಲೇ ನಿಂದ್ರು, ಅಲ್ಲಾಡಬ್ಯಾಡ. ಕೈ ಮುಗಿ,” ಎಂದೆ. ಅವಳು ಕೈ ಮುಗಿಯಲು ಹೋದರೆ ಪರಕಾರ ಜಾರುತ್ತಿತ್ತು. “ಒಂದ ಕೈಲೆ ಹಿಡಕೋ, ಒಂದ ಕೈ ಎದಿ ಮ್ಯಾಲಿಡು,” ಎಂದೆ. ಹಾಗೆಯೇ ಮಾಡಿದಳು. ಮೂರು ಫೋಟೊ ತೆಗೆದೆ. ಅದರಲ್ಲಿ ಚಲೋ ಬಂದದ್ದನ್ನು ಆರಿಸಿ, “ತಾಯಿಯ ನಿಯಮ, ಮಗಳಿಗೂ ಮಡಿ” ಎಂದು ಬರೆದು ಗ್ರೂಪಿಗೆ ಕಳಿಸಿದೆ. ಐದೂವರೆಗೆ ಇನ್ನೂ ನಾಲ್ಕು ನಿಮಿಷ ಉಳಿದಿತ್ತು.

ಆಮೇಲೆ ಕೈ ಚಾಚಿದೆ. ಬಂದು ಮಡಿಲಲ್ಲಿ ಬಿದ್ದಳು. ಮೈ ಕೆಂಡ.

ಆ ಕೆಂಪು ಜ್ವರದ್ದು. ರಾತ್ರಿಯಿಂದಲೇ ಬಂದಿರಬೇಕು. ಎದ್ದು ನನ್ನ ಹತ್ತಿರ ಬರಬೇಕೆನಿಸಿದೆ, ಆದರೆ ಮೈ ಸರಿಯಿಲ್ಲವೆಂದಷ್ಟೇ ಹೇಳಿದರೆ ನಾನು ಮುಟ್ಟುತ್ತೇನೆಂಬ ಭರವಸೆ ಅವಳಿಗಿರಲಿಲ್ಲ. ಅದಕ್ಕೇ ಬಟ್ಟೆ ಬದಲಿಸಿದ್ದಾಳೆ. ಸುಡುವ ಮೈಯಲ್ಲಿ ನನ್ನೆದುರು ನಿಂತು ಒಂದು ಕೈ ಎದೆಯ ಮೇಲಿಟ್ಟುಕೊಂಡಿದ್ದಾಳೆ, ನಾನು ಹೇಳಿದೆನೆಂದು.

ಅವಳಪ್ಪನನ್ನು ಒದ್ದು ಎಬ್ಬಿಸಿದೆ. ಅಲಂಕಾರಕ್ಕೆ ಹೇಳುತ್ತಿಲ್ಲ, ಕಾಲಿನಿಂದಲೇ. ಬಾಗಿಲು ತೆರೆದಿದ್ದ ಮೊದಲ ಆಸ್ಪತ್ರೆಯಲ್ಲಿ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತೆ. ಚೀಲದಲ್ಲಿ ಫೋನು ಬಿಟ್ಟೂಬಿಡದೆ ಗುಂಯ್‌ಗುಡುತ್ತಿತ್ತು. ತೆಗೆದು ನೋಡಿದರೆ ಮುಗಿದ ಕೈಗಳ ಸಾಲು. ಪುಟ್ಟ ಲಕ್ಷ್ಮಿ, ದೃಷ್ಟಿ ತೆಗೀರಿ, ನಿಮ್ಮ ಮನಿ ಧನ್ಯ. ಎಲ್ಲಕ್ಕೂ ಕೆಳಗೆ ಹಿರಿಯಾಕೆಯದು: “ಇವತ್ತಿನ ಉತ್ತಮ ಫೋಟೊ.” ಅಲ್ಲೇ ಕೂತು ಗ್ರೂಪಿನಿಂದ ಹೊರಬಿದ್ದೆ. ನನಗೇನಾಯಿತೆಂದು ಕೇಳಲು ಒಬ್ಬಳೂ ಫೋನು ಮಾಡಲಿಲ್ಲ. ಆಮೇಲೊಮ್ಮೆ ಸಂತೆಯಲ್ಲಿ ಸಿಕ್ಕ ಬ್ಯಾಂಕಿನಾಕೆ ಹೇಳಿದಳು, ನನ್ನ ಹೆಸರಿನ ಮುಂದೆ ಉಳಿದ ಹನ್ನೆರಡು ದಿನವೂ ತಪ್ಪದೆ ಕೆಂಪು ಚುಕ್ಕೆ ಹಾಕಿದರಂತೆ.

ಜ್ವರ ನಾಲ್ಕು ದಿನಕ್ಕೆ ಇಳಿಯಿತು. ಮಾನ್ವಿಯಿಂದ ನನ್ನ ತಾಯಿ ಬಂದಳು. ಮಡಿಯಲ್ಲಿ ಜೀವ ಸವೆಸಿದವಳು, ನನ್ನ ಪರವಾಗಿ ಮಾತಾಡುತ್ತಾಳೆಂದು ಒಳಗೊಳಗೆ ಆಸೆಯಿತ್ತು. “ನೀನೂ ಹಿಂಗ ಮಡೀಲೆ ಇರತಿದ್ದಿ. ನಾ ಸಣ್ಣಾಕಿದ್ದಾಗ ನನಗ ಹೆಂಗ ಮಾಡತಿದ್ದಿ?” ಎಂದು ಕೇಳಿದೆ.

“ನೀ ಅತ್ತರ ಎತ್ತಿಕೋತಿದ್ದೆ,” ಎಂದಳು, ಇದೇನು ಕೇಳುವ ಮಾತೇ ಎನ್ನುವ ಹಾಗೆ. “ಆಮ್ಯಾಲೆ ಬಾವೀಗೆ ಹೋಗಿ ಎರಡು ಕೊಡ ಸುರುವಿಕೊಂಡು ಮತ್ತ ಒಲಿ ಮುಂದ ಕೂಡತಿದ್ದೆ. ನೀ ಮತ್ತ ಅಳತಿದ್ದಿ, ಮತ್ತ ಎತ್ತಿಕೋತಿದ್ದೆ. ಒಂದೊಂದು ದಿನ ನಾಕು ಸ್ನಾನ ಆಗತಿದ್ದುವು. ನಿಮ್ಮಜ್ಜಿ ಬೈತಿದ್ಲು, ಬೈಸಿಕೋತಿದ್ದೆ.”

ನಳದ ನೀರು ದಿನಾ ಬರುವುದಿಲ್ಲ, ಏಳಕ್ಕೆ ಬಸ್ಸಿದೆ ಎಂದೆಲ್ಲ ಹೇಳಬಹುದಿತ್ತು. ಆದರೆ ನಮ್ಮ ಬಚ್ಚಲಲ್ಲಿ ಒಂದು ಡ್ರಮ್ಮು ನೀರು ದಿನಾ ತುಂಬಿಯೇ ಇರುತ್ತಿತ್ತು. ಎರಡು ತಂಬಿಗೆ ಸುರಿದುಕೊಳ್ಳಲು ಐದು ನಿಮಿಷ ಸಾಕಿತ್ತು. ಮೂವತ್ತಾರು ದಿನಗಳಲ್ಲಿ ಒಂದು ದಿನವೂ ನನಗದು ತೋಚಲಿಲ್ಲ. ಮಡಿಯ ಕಷ್ಟವನ್ನೆಲ್ಲ ನನ್ನ ತಾಯಿ ತನ್ನ ಮೈಮೇಲೆ ಎಳೆದುಕೊಂಡಿದ್ದಳು. ನಾನು ಅದನ್ನು ಸಲೀಸಾಗಿ ಮಗುವಿನ ಮೇಲೆ ಹಾಕಿದ್ದೆ.

ಈಗ ನಾನು ಐದಕ್ಕೆ ಏಳುತ್ತೇನೆ. ಮುಖ ತೊಳೆದು, ನೈಟಿಯಲ್ಲೇ ದೀಪ ಹಚ್ಚಿ ಕೈ ಮುಗಿಯುತ್ತೇನೆ. ಒಂದು ಸ್ತೋತ್ರ ಹೇಳಿಕೊಳ್ಳುತ್ತೇನೆ, ಅದನ್ನಾದರೂ ನೆಟ್ಟಗೆ. ಆಮೇಲೆ ಹಾಲು ಕಾಯಿಸಲಿಟ್ಟು ನೆಲಕ್ಕೆ ಕೂರುತ್ತೇನೆ. ಹಿರಿಯಾಕೆ ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾಳೆ, ನಾನು ಅದಕ್ಕಿಂತ ಮೊದಲೇ ತಿರುಗಿಸಿರುತ್ತೇನೆ.

ಮಗಳಿಗೆ ಆರು ತುಂಬುತ್ತ ಬಂತು. ಮೊನ್ನೆ ಭಾನುವಾರ ಕೆಳಗೆ ಆಡುತ್ತಿದ್ದವಳು ಬಿದ್ದು ಮೊಣಕಾಲು ತರಚಿಕೊಂಡಳು. ಓಣಿಗೆಲ್ಲ ಕೇಳುವ ಹಾಗೆ ಅಳುತ್ತ ಮೆಟ್ಟಿಲೇರಿ ಓಡಿ ಬಂದಳು. ನಾನು ಅಡುಗೆಮನೆಯಲ್ಲಿ ಕೈ ತೆರೆದು ನಿಂತೆ. ಅವಳು ಹೊಸ್ತಿಲ ಹತ್ತಿರ ಗಕ್ಕನೆ ನಿಂತಳು. ಅಳು ನುಂಗಿ, ಬಿಕ್ಕುತ್ತಲೇ, ನಾನು ಉಟ್ಟಿದ್ದ ಸೀರೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಅಮ್ಮಾ, ಮುಟ್ಟಲೇನು?” ಎಂದಳು.