ಮೂರರಿಂದ ಹತ್ತಕ್ಕೇರಿದ ತಾಳ್ಮೆ

ಬೆಳಿಗ್ಗೆ ಹತ್ತಕ್ಕೆ ಪರೀಕ್ಷಕಿ ಶ್ರವಣಯಂತ್ರವೊಂದನ್ನು ಪ್ರಯೋಗಾಲಯದ ಕಬ್ಬಿಣದ ಕೋಣೆಯ ಮರದ ಮೇಜಿನ ಮೇಲಿಟ್ಟು, ಬಾಗಿಲು ಭದ್ರಪಡಿಸಿ, ಹೊರಗೆ ಕುಳಿತು ಅದರಿಂದ ಹೊರಬಂದ ರಬ್ಬರ್ ಕೊಳವೆಗೆ ಕಿವಿಗೊಟ್ಟರು. ಒಳಗೆ ಆಂಟೆನಾ ರೇಡಿಯೊ ತರಂಗ ಸೂಸತೊಡಗಿತು. ತರಂಗದ ಬಲ ಮೀಟರಿಗೆ ಮೂರು ವೋಲ್ಟ್ ಆಗುವವರೆಗೆ ಯಂತ್ರ ಸುಮ್ಮನಿತ್ತು. ನಾಲ್ಕಕ್ಕೆ ಗುಂಯ್‌ಗುಟ್ಟಿತು. ಮೂರನ್ನು ತಡೆದುಕೊಂಡರೆ ಸಾಕೆನ್ನುತ್ತದೆ ನಿಯಮ. ಹತ್ತೊಂಬತ್ತು ವರ್ಷಗಳಿಂದ ಬರೆದಂತೆ ಅಂದೂ ‘ಪಾಸು’ ಎಂದು ಬರೆದರು.

ಹೀಗೆ ಪಾಸಾದ ಒಂದು ಯಂತ್ರ ಮನೆಯಲ್ಲಿ ಅವರ ಅತ್ತೆಯ ಕಿವಿಯಲ್ಲೂ ಇತ್ತು.

“ನಿನ್ನ ಗಂಡ ಫೋನ್ ಎತ್ತಿದ್ರೆ ಸಾಕು, ನನ್ನ ಕಿವೀಲಿ ಜೀರುಂಡೆ ಕೂಗುತ್ತೆ ಕಣೆ. ಯಾವ ಪುಣ್ಯಾತ್ಮರು ಪಾಸ್ ಮಾಡಿದ್ರೋ!”

ಅತ್ತೆ ಈಚೆಗೆ ಯಂತ್ರ ತೆಗೆದಿಟ್ಟು, ಏನೂ ಕೇಳಿಸದೆ ಎಲ್ಲರ ಮಾತಿಗೂ ತಲೆಯಾಡಿಸುತ್ತಿದ್ದರು.

ಮಿತಿಯನ್ನು ಹತ್ತಕ್ಕೆ ಏರಿಸಿ ಎಂದು ಪರೀಕ್ಷಕಿ ನಿಯಮ ರೂಪಿಸುವ ಸಮಿತಿಯ ಮುಂದೆ ಪಟ್ಟು ಹಿಡಿದರು. ತಯಾರಕರ ಪ್ರತಿನಿಧಿ ಸುತರಾಂ ಒಪ್ಪಲಿಲ್ಲ. ಕೊನೆಗೆ ಸಾರ್ವಜನಿಕರನ್ನೇ ಕೇಳೋಣ ಎಂದಾಯಿತು. ಪ್ರಕಟಣೆ ಬರೆದ ಗುಮಾಸ್ತರಿಗೆ ‘ತರಂಗ ತಡೆಯುವ ಸಾಮರ್ಥ್ಯ’ ಉದ್ದವೆನಿಸಿತು. ‘ತಾಳ್ಮೆ’ ಎಂದು ಹಾಕಿದರು. ‘ಯಂತ್ರಗಳ’ ಎಂಬ ಪದ ಅಚ್ಚಿನಲ್ಲಿ ಬಿದ್ದುಹೋಯಿತು. ಪತ್ರಿಕೆಯಲ್ಲಿ ಬಂದದ್ದು ಇಷ್ಟು: ‘ಮನೆಗಳಲ್ಲಿ ತಾಳ್ಮೆಯ ಮಿತಿಯನ್ನು ಮೂರರಿಂದ ಹತ್ತಕ್ಕೆ ಏರಿಸಬಹುದೇ? ಮೂವತ್ತು ದಿನಗಳೊಳಗೆ ತಿಳಿಸಿ.’

ನಾನೂರ ಹನ್ನೆರಡು ಪತ್ರಗಳು ಬಂದವು. ‘ಏರಿಸಿ, ಮೊದಲು ನಮ್ಮ ಯಜಮಾನರದ್ದು’ ಎಂದಿದ್ದರು ಒಬ್ಬ ಶಿಕ್ಷಕಿ. ‘ನನ್ನದು ಈಗಾಗಲೇ ಹನ್ನೊಂದು, ಇಳಿಸಿ’ ಎಂದು ಬಸ್ ಕಂಡಕ್ಟರ್ ಬರೆದಿದ್ದರು.

ಬಂದ ಪತ್ರವನ್ನು ಎಣಿಸಲೇಬೇಕು ಎನ್ನುವುದು ಸಮಿತಿಯ ಅಧ್ಯಕ್ಷರ ಶಿಸ್ತು.

“ಸಾರ್, ಇವರು ಬರೆದಿರೋದು ನಾದಿನಿ ವಿಚಾರ,” ಎಂದರು ಪರೀಕ್ಷಕಿ.

“ನಾದಿನಿ ನಮ್ಮ ವ್ಯಾಪ್ತಿಗೆ ಬರಲ್ಲ, ಬಿಡಿ. ಏರಿಸಿ ಅಂದಿದಾರೋ, ಬೇಡ ಅಂದಿದಾರೋ?”

ಪರೀಕ್ಷಕಿ ಪತ್ರದ ಕೊನೆಯ ಸಾಲು ಓದಿದರು. “ಏರಿಸಿ ಅಂದಿದಾರೆ, ಸಾರ್.”

ಪ್ರತಿನಿಧಿ ಮೇಜು ಗುದ್ದಿದರು. “ಏನ್ರೀ ಇದು ಹುಡುಗಾಟ? ನನ್ನ ತಾಳ್ಮೆಗೂ ಒಂದು ಮಿತಿ ಇದೆ!”

“ಎಷ್ಟು ಅಂತ ಬರೆದು ಕಳಿಸಬೇಕಿತ್ತು,” ಎಂದರು ಅಧ್ಯಕ್ಷರು. “ಗಡುವು ನಿನ್ನೆಗೇ ಮುಗೀತು.”

ಏರಿಸಿ ಎಂದವರು ಮುನ್ನೂರ ಎಂಬತ್ತೊಂಬತ್ತು ಮಂದಿ. ಹೊಸ ಮಿತಿ ಏಪ್ರಿಲ್ ಒಂದರಿಂದ ಜಾರಿಗೆ ಬರುತ್ತದೆ. ಅತ್ತೆಯ ಯಂತ್ರ ಮೇ ತಿಂಗಳಲ್ಲಿ ಬದಲಾಗಲಿದೆ. ಅಲ್ಲಿಯವರೆಗೆ ಅವರ ಮಗ ಫೋನ್ ಬಂದಾಗಲೆಲ್ಲ ಬೀದಿಗೆ ಇಳಿಯಬೇಕು.