ಎರಡು ನಕ್ಷೆ, ಎರಡು ಗೋಡೆ

ಮಕ್ಕಳ ಚಿತ್ರಗಳ ಗೋಡೆಯಲ್ಲಿ ನನ್ನ ನಕ್ಷೆಯ ಎಡಕ್ಕೆ ಯಾವುದೋ ಮಗು ಬರೆದ ನವಿಲು, ಬಲಕ್ಕೆ ಮೂರು ಕಾಲಿನ ಹಸು. ಭೂಗೋಳ ಶಿಕ್ಷಕರ ಪ್ರದರ್ಶನಕ್ಕೆಂದು ಮೈಸೂರಿನಿಂದ ನಾಗಪುರದವರೆಗೆ ತೊಡೆಯ ಮೇಲಿಟ್ಟುಕೊಂಡು ತಂದ ಎರಡು ಪ್ರತಿಗಳಲ್ಲಿ ಇದು ಒಂದು: ಉತ್ತರ ಅಮೆರಿಕದ ಮೂಲನಿವಾಸಿಗಳು ತೊಗಲಿನ ಮೇಲೆ ಬರೆದ ನದಿಗಳ ನಕ್ಷೆ. ಇನ್ನೊಂದು, ಇದನ್ನು ನೋಡಿಕೊಂಡು ಬಿಳಿಯ ಅನ್ವೇಷಕನೊಬ್ಬ ಮಾಡಿದ್ದು. ಅದನ್ನು ಮಾತ್ರ ನಾಗಪುರದ ಸದರ್ ಬಡಾವಣೆಯ ಸಭಾಂಗಣದ ನಡುಗೋಡೆಗೆ, ಹೂಮಾಲೆಯ ಕೆಳಗೆ ಹಾಕಿದ್ದರು.

ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಮೇಷ್ಟರು ಧಾರವಾಡದ ಕಡೆಯವರು. ಎರಡನ್ನೂ ಅಕ್ಕಪಕ್ಕ ಇಡದಿದ್ದರೆ ಯಾರದನ್ನು ಯಾರು ನಕಲು ಮಾಡಿದರೆಂದು ನೋಡುವವರಿಗೆ ತಿಳಿಯುವುದಿಲ್ಲ, ನಾನು ಬಂದದ್ದೇ ಅದನ್ನು ತೋರಿಸುವುದಕ್ಕೆ ಎಂದೆ.

“ನೋಡು ತಂಗಿ, ಈ ತೊಗಲಿನದಕ್ಕ ಸ್ಕೇಲ್ ಇಲ್ಲ, ಉತ್ತರ ದಿಕ್ಕಿಲ್ಲ. ನದಿ ನೋಡಿದ್ರ ಫೂಟಪಟ್ಟಿ ಹಿಡದು ಗೀಟು ಎಳದಂಗ ಐತಿ. ನನ್ನ ಕ್ಲಾಸಿನ್ಯಾಗ ಇಂಥಾದಕ್ಕ ಸೊನ್ನಿ!”

“ಆ ಸಾಹೇಬ ಈ ನದಿಗಳನ್ನ ಕಣ್ಣಲ್ಲಿ ಕಂಡೇ ಇಲ್ಲ, ಸರ್. ಈ ಮೂಲನಿವಾಸಿಗಳನ್ನ ಕೇಳಿ ಬರೆದುಕೊಂಡ.”

“ಬರೋಬರ್. ಆದ್ರ ಎಷ್ಟು ಚಂದ ಬರದಾನ ನೋಡು! ನಾಳೆ ಮುಂಜಾನೆ ಸಾಲಿ ಇನ್‌ಸ್ಪೆಕ್ಟರ್ ಸಾಹೇಬ್ರು ಬರ್ತಾರ. ನಡಿ, ಮೊದಲ ಚಾ ಕುಡಿಯೂಣು.”

ಮತ್ತೆ ಮತ್ತೆ ಹೇಳಿದೆ. ಹೇಳಿದಾಗಲೆಲ್ಲ ಚಹಾ ಬಂತು.

ಮರುದಿನ ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಒಳಗೆ ಹೋದೆ. ಸ್ಟೂಲು ಹತ್ತಿ ಅನ್ವೇಷಕನ ನಕ್ಷೆಯನ್ನು ಇಳಿಸಿ, ಮಕ್ಕಳ ಚಿತ್ರಗಳ ಗೋಡೆಗೆ ಒಯ್ದು, ಮೂರು ಕಾಲಿನ ಹಸುವನ್ನು ಅತ್ತ ಸರಿಸಿ, ತೊಗಲಿನ ನಕ್ಷೆಯ ಪಕ್ಕದಲ್ಲೇ ಪಿನ್ನು ಚುಚ್ಚಿ ಹಾಕಿದೆ.